ಸುರಪುರದ ದಾರಿಯಲ್ಲಿ ಗ್ರೀಕ್ ವೀರರು



ಗ್ರೀಕರ ದೇವತೆಗಳೆಂದೊಡನೆ ನಮ್ಮಲ್ಲಿ ಓದುಬರಹ ಬಲ್ಲವರ ಮನಸ್ಸಿನಲ್ಲಿ ಎರಡು ಬಗೆಯ ಭಾವನೆಗಳು ಹುಟ್ಟುವುವು. ಕೆಲವರಿಗೆ ಅವು ಇಂಗ್ಲಿಷ್ ಕವಿತೆಯ ಅರ್ಥವಾಗಲೆಂದು ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನವೇ ಮರೆತುಬಿಟ್ಟ ಹೆಸರುಗಳು. ಇನ್ನು ಕೆಲವರಿಗೆ ಅವರು ನಗೆಗೀಡಾದ ದೇವರುಗಳು: ತಮ್ಮತಮ್ಮಲ್ಲಿ ಜಗಳವಾಡುವವರು, ಮತ್ಸರಪಡುವವರು, ಮಾನವ ಸ್ತ್ರೀಯರನ್ನು ಬೆನ್ನಟ್ಟುವವರು. ಈ ಎರಡು ದೃಷ್ಟಿಗಳಿಂದಲೂ ಆ ಕಥೆಗಳಿಗೆ ನ್ಯಾಯ ದೊರೆಯಲಾರದು. ಪರರ ಪುರಾಣವನ್ನು ಅರಿಯಬೇಕಾದರೆ ಅದನ್ನು ನಮ್ಮ ಮಣ್ಣಿನ ಮೇಲೆ ನಿಲ್ಲಿಸಿ ನೋಡಬೇಕು. ಹಾಗೆ ನೋಡಿದಾಗ ಅದೂ ತಿಳಿಯುವುದು, ನಮ್ಮ ಮಣ್ಣೂ ಹೊಸದಾಗಿ ಕಾಣುವುದು.

ಆದುದರಿಂದ ಈ ಹೊತ್ತು ನಾವು ನಿಮ್ಮನ್ನು ಅಥೆನ್ಸಿಗೆ ಕರೆದೊಯ್ಯುವುದಿಲ್ಲ. ಯಾದಗಿರಿಯ ರೈಲು ನಿಲ್ದಾಣದಲ್ಲಿ ಇಳಿದು, ಭೀಮಾನದಿಯನ್ನು ದಾಟಿ, ಶಹಾಪುರದ ಮೇಲೆ ಹಾದು ಸುರಪುರಕ್ಕೆ ಹೋಗೋಣ. ಕೃಷ್ಣಾ ಭೀಮಾ ನದಿಗಳ ನಡುವಣ ಈ ಸಗರನಾಡಿನಲ್ಲಿ ಗ್ರೀಕರು ನಮಗೆ ಹೇಗೆ ಎದುರಾಗುವರೆಂಬುದೇ ನಮ್ಮ ಇಂದಿನ ವಿಷಯ.

ಇದು ನಾವು ಹೊಸದಾಗಿ ಹೂಡಿದ ಸಾಹಸವೇನೂ ಅಲ್ಲ. ಬಿ. ಎಂ. ಶ್ರೀಕಂಠಯ್ಯನವರು ಬಹು ಹಿಂದೆಯೇ ಈ ದಾರಿಯನ್ನು ಕಡಿದು ಹೋಗಿರುವರು. ಸೊಫೊಕ್ಲಿಸನ ‘ಏಜಾಕ್ಸ್’ ರುದ್ರನಾಟಕವನ್ನು ಮುಂದಿಟ್ಟುಕೊಂಡು ಅವರು 1929ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಪ್ರಕಟಿಸಿದರು. 1935ರಲ್ಲಿ ಈಸ್ಕಿಲಸನ ನಾಟಕವೊಂದನ್ನು ‘ಪಾರಸಿಕರು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಇವುಗಳಲ್ಲಿ ಮೊದಲನೆಯದು ಮಾತಿಗೆ ಮಾತು ಇಟ್ಟ ಭಾಷಾಂತರವಲ್ಲ. ಟ್ರಾಯ್ ನಗರದ ಮುಂದಿನ ಗ್ರೀಕ್ ಪಾಳೆಯವು ಅಲ್ಲಿ ಕುರುಕ್ಷೇತ್ರವಾಯಿತು. ಅವಮಾನದಿಂದ ಕೆರಳಿ ರಾತ್ರಿಯಲ್ಲಿ ಕೊಲೆಗೆ ಹೊರಟ ಗ್ರೀಕ್ ವೀರನು ದ್ರೋಣಪುತ್ರನಾದನು. ಚಿರಂಜೀವಿಯೆಂದು ನಂಬಿದವನನ್ನು ರಂಗದ ಮೇಲೆ ಸಾಯಿಸಬಹುದೇ ಎಂಬ ಆಕ್ಷೇಪವೂ ಎದ್ದಿತು. ಆದರೆ ಕನ್ನಡಿಗನಿಗೆ ಒಂದು ಸಂಗತಿ ಅಂದು ಗೊತ್ತಾಯಿತು: ಪರದೇಶದ ವೀರನ ದುಃಖವನ್ನು ಹೊರಬಲ್ಲ ಭುಜ ನಮ್ಮ ಪುರಾಣಕ್ಕೂ ಉಂಟು. ಏಜಾಕ್ಸನ ಈ ಹೆಸರನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಬೇಡುವೆವು. ಪಯಣದ ಕೊನೆಯಲ್ಲಿ ಅವನನ್ನು ಮತ್ತೆ ಕಾಣಬೇಕಾಗಿದೆ.

ಮೊದಲು ಯಾದಗಿರಿ. ಊರಿನ ನೆತ್ತಿಯ ಮೇಲೆ ಬಂಡೆಗಳ ಬೆಟ್ಟ, ಬೆಟ್ಟವನ್ನು ಸುತ್ತಿದ ಕೋಟೆ, ಮೇಲೆ ಭುವನೇಶ್ವರಿಯ ಗುಡಿ. ಇದನ್ನು ನೋಡಿದವರಿಗೆ ಗ್ರೀಕ್ ಪಟ್ಟಣದ ರಚನೆಯನ್ನು ಬಣ್ಣಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ಅವರ ಊರುಗಳಿಗೂ ಹೀಗೆಯೇ ನಡುವೆ ಒಂದು ಎತ್ತರದ ಕೋಟೆಯಿರುತ್ತಿದ್ದಿತು. ಅದನ್ನು ಅವರು ಅಕ್ರೊಪೊಲಿಸ್ ಎಂದು ಕರೆಯುತ್ತಿದ್ದರು. ಅಥೆನ್ಸಿನ ಬೆಟ್ಟಕ್ಕಾಗಿ ಇಬ್ಬರು ದೇವತೆಗಳು ಪಂದ್ಯ ಹೂಡಿದರೆಂದು ಕಥೆ. ಕಡಲರಸನಾದ ಪೊಸೈಡನ್ ತ್ರಿಶೂಲದಿಂದ ಬಂಡೆಯನ್ನು ಇರಿದು ನೀರು ಚಿಮ್ಮಿಸಿದನು; ಆದರೆ ಅದು ಉಪ್ಪುನೀರು. ಅಥೀನಾ ದೇವಿಯು ಒಂದು ಆಲಿವ್ ಗಿಡವನ್ನು ನೆಟ್ಟಳು. ಊರು ಅಥೀನೆಯ ಪಾಲಾಯಿತು. ಬಿಸಿಲಿನಲ್ಲಿ ಕಾದ ಬಂಡೆಯ ಮೇಲೆ ಮನುಷ್ಯನು ಬಾಳಬೇಕಾದರೆ ಬಲಪ್ರದರ್ಶನಕ್ಕಿಂತ ಎಣ್ಣೆ ಕೊಡುವ ಒಂದು ಗಿಡವು ಮೇಲೆಂಬ ವಿವೇಕವು ಈ ಕಥೆಯೊಳಗಿದೆ. ಗ್ರೀಕ್ ದೇವತೆಗಳನ್ನು ನೀತಿಪಾಠದ ಆದರ್ಶಗಳೆಂದು ಓದಿದರೆ ನಿರಾಶೆಯಾಗುವುದು. ಮನುಷ್ಯನನ್ನು ಸುತ್ತುವರಿದ ಶಕ್ತಿಗಳೆಂದು ಓದಿದರೆ ಅವರ ಜಗಳಕ್ಕೂ ಅರ್ಥವುಂಟು. ಕಡಲು, ಕಾಮ, ಕೋಪ, ಬುದ್ಧಿ ಇವು ಒಂದರೊಡನೊಂದು ಜಗಳವಾಡದಿರುವುದು ಎಲ್ಲಿ?

ಭೀಮೆಯನ್ನು ದಾಟಿ ಶಹಾಪುರವನ್ನು ಸಮೀಪಿಸುವಾಗ ದಿಗಂತದಲ್ಲಿ ಒಂದು ವಿಚಿತ್ರವಾದ ಆಕಾರವು ಕಾಣುವುದು. ಬೆಟ್ಟದ ಸಾಲು ಮಲಗಿರುವ ಮನುಷ್ಯನಂತಿದೆ: ಹಣೆ, ಮೂಗು, ಗದ್ದ, ಎದೆ. ಜನರು ಇದನ್ನು ಮಲಗಿದ ಬುದ್ಧನ ಬೆಟ್ಟವೆನ್ನುವರು. ಗ್ರೀಕರ ಕಣ್ಣಿಗೂ ಬೆಟ್ಟಗಳಲ್ಲಿ ಮನುಷ್ಯಾಕಾರಗಳು ಕಾಣುತ್ತಿದ್ದವು. ಆಕಾಶವನ್ನು ಹೊತ್ತ ಅಟ್ಲಾಸನು ಬೆಟ್ಟವಾದನೆಂದು ಒಂದು ಕಥೆ. ಜ್ಯೂಸನಿಗೆ ಎದುರುಬಿದ್ದ ಟೈಫನ್ ಎಂಬ ದೈತ್ಯನು ಎಟ್ನಾ ಪರ್ವತದ ಅಡಿಯಲ್ಲಿ ಸಿಕ್ಕಿಕೊಂಡು ಈಗಲೂ ಬೆಂಕಿಯನ್ನು ಉಗುಳುತ್ತಿರುವನೆಂದು ಇನ್ನೊಂದು. ಅವರ ಬೆಟ್ಟದೊಳಗೆ ಸೋತ ಶತ್ರುವಿದ್ದರೆ ನಮ್ಮ ಬೆಟ್ಟದಲ್ಲಿ ಶಾಂತನಾದ ಒಬ್ಬನು ಮಲಗಿರುವನು. ಉರಿಯುವ ಬೆಟ್ಟವನ್ನು ಕಂಡವನ ಕಲ್ಪನೆ ಒಂದು, ತಣ್ಣಗೆ ಮಲಗಿದ ಕಲ್ಲನ್ನು ಕಂಡವನ ಕಲ್ಪನೆ ಮತ್ತೊಂದು. ಆದರೆ ಗ್ರೀಕ್ ಕುರುಬರಿಗೂ ಮಲಗಿದ ದೇವರೊಬ್ಬನಿದ್ದನು. ನಡುಹಗಲಿನಲ್ಲಿ ಪ್ಯಾನ್ ದೇವನು ನಿದ್ರಿಸುವನು, ಆಗ ಕೊಳಲನ್ನು ಊದಿ ಅವನನ್ನು ಎಚ್ಚರಿಸಬಾರದೆಂದು ಅವರು ನಂಬಿದ್ದರು. ಮೇ ತಿಂಗಳ ಮಧ್ಯಾಹ್ನ ಶಹಾಪುರದ ಬಯಲಿನಲ್ಲಿ ಕುರಿಗಳನ್ನು ಮರದ ನೆರಳಿಗೆ ತರುಬಿ ಕುಳಿತ ಕುರುಬನಿಗೆ ಈ ನಂಬಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿಂದ ಮುಂದೆ ಸುರಪುರ ಸೀಮೆ. ಇಲ್ಲಿ ನೆಲದ ಮೇಲಿನ ಪ್ರಾಚೀನ ಕುರುಹುಗಳು ಹಲವು. ರಾಜನಕೊಳ್ಳೂರಿನಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಮುಚ್ಚಿದ ಕಲ್ಮನೆಗಳಿವೆ. ಕಬ್ಬಿಣವನ್ನು ಬಳಸುತ್ತಿದ್ದ ಕಾಲದ ಜನರು ಸತ್ತವರಿಗಾಗಿ ಕಟ್ಟಿದ ಶಿಲಾಸಮಾಧಿಗಳಿವು. ಇಂತಹವನ್ನು ಉತ್ತರ ಕರ್ನಾಟಕದ ಜನರು ಮೋರ್ಯರ ಮನೆಗಳೆನ್ನುವರು. ಮೋರ್ಯರೆಂದರೆ ಹಿಂದೆ ಇದ್ದರೆಂದು ಹೇಳುವ ಕುಳ್ಳರ ಕುಲ. ಗ್ರೀಕರಿಗೂ ಇದೇ ಸಮಸ್ಯೆ ಎದುರಾಗಿದ್ದಿತು. ಮೈಸೀನೆ, ಟಿರಿನ್ಸ್ ಎಂಬ ಹಾಳೂರುಗಳಲ್ಲಿ ತಮ್ಮ ಕೈಯಿಂದ ಎತ್ತಲಾಗದ ಬಂಡೆಗಳ ಗೋಡೆಯನ್ನು ಕಂಡು, ಇದು ಮನುಷ್ಯರ ಕೆಲಸವಲ್ಲ, ಸೈಕ್ಲೋಪರೆಂಬ ಒಕ್ಕಣ್ಣ ದೈತ್ಯರ ಕೆಲಸವೆಂದು ಅವರು ತೀರ್ಮಾನಿಸಿದರು. ಗ್ರೀಕನು ಕಲ್ಲಿನ ಭಾರವನ್ನು ನೋಡಿ ದೈತ್ಯನನ್ನು ಕಲ್ಪಿಸಿದನು. ನಮ್ಮ ಹಳ್ಳಿಯವನು ಒಳಗಿನ ಕೋಣೆಯ ಅಳತೆಯನ್ನು ನೋಡಿ ಕುಳ್ಳನನ್ನು ಕಲ್ಪಿಸಿದನು. ಇಬ್ಬರೂ ಕಣ್ಣಿಟ್ಟು ನೋಡಿದವರೇ. ಪುರಾಣವು ಬರಿಯ ಕಟ್ಟುಕಥೆಯಲ್ಲ. ಕಾರಣವನ್ನು ಅರಸುವ ಬುದ್ಧಿಯ ಮೊದಲ ಹೆಜ್ಜೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕೆ?

ಬೂದಿಹಾಳವು ಈ ಸೀಮೆಯ ಇನ್ನೊಂದು ಸೋಜಿಗ. ಹೆಸರೇ ಹೇಳುವಂತೆ ಅಲ್ಲಿ ಬೂದಿಯ ದಿಬ್ಬವಿದೆ. ಹಂಪೆಯ ಬಳಿಯ ನಿಂಬಾಪುರದಲ್ಲಿ ಇಂತಹದೇ ದಿಬ್ಬವನ್ನು ತೋರಿಸಿ, ವಾಲಿಯನ್ನು ದಹಿಸಿದ ಸ್ಥಳವಿದೆಂದು ಜನರು ಹೇಳುವರು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಬೂದಿಹಾಳದಲ್ಲಿ ವಿಸ್ತಾರವಾಗಿ ಉತ್ಖನನ ನಡೆಸಿದಾಗ ಅಲ್ಲಿ ನವಶಿಲಾಯುಗದ ಜನರ ವಾಸದ ನೆಲೆಯೂ, ದನದ ದೊಡ್ಡಿಯೂ, ಕಲ್ಲಿನ ಆಯುಧಗಳನ್ನು ಮಾಡುತ್ತಿದ್ದ ಸ್ಥಳವೂ ದೊರೆತವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದೊಡ್ಡಿಯಲ್ಲಿ ಸೇರಿದ ಸಗಣಿಯನ್ನು ರಾಶಿಹಾಕಿ ಮತ್ತೆ ಮತ್ತೆ ಸುಟ್ಟುದರ ಫಲವೇ ಈ ದಿಬ್ಬ.

ಇಲ್ಲಿ ಹೆರಾಕ್ಲಿಸನ ನೆನಪು ತಾನಾಗಿ ಬರುವುದು. ಅವನಿಗೆ ವಿಧಿಸಿದ ಹನ್ನೆರಡು ಕಾರ್ಯಗಳಲ್ಲಿ ಸಿಂಹವನ್ನು ಕೊಲ್ಲುವುದು, ಹಲವು ತಲೆಯ ಸರ್ಪವನ್ನು ಕಡಿಯುವುದು ಮೊದಲಾದವನ್ನು ಎಲ್ಲರೂ ಬಲ್ಲರು. ಆದರೆ ಅವುಗಳಲ್ಲಿ ಒಂದು ಕಾರ್ಯವು ಕೊಟ್ಟಿಗೆಯನ್ನು ಗುಡಿಸುವುದು! ಅಗೀಯಸ್ ಎಂಬ ದೊರೆಯ ದನದ ಕೊಟ್ಟಿಗೆಯು ಮೂವತ್ತು ವರ್ಷಗಳಿಂದ ಕಸ ಕಾಣದೆ ಇದ್ದಿತು. ಅದನ್ನು ಒಂದೇ ದಿನದಲ್ಲಿ ಶುಚಿಮಾಡಬೇಕು. ಹೆರಾಕ್ಲಿಸನು ಆಲ್ಫೀಯಸ್, ಪೆನೀಯಸ್ ಎಂಬ ಎರಡು ನದಿಗಳನ್ನು ತಿರುಗಿಸಿ ಕೊಟ್ಟಿಗೆಯ ಮೂಲಕ ಹರಿಸಿದನು. ದನಗಾಹಿಗಳ ನಾಡಿನಲ್ಲಿ ಹುಟ್ಟಿದ ಕಥೆಯಿದೆಂಬುದು ಬೂದಿಹಾಳದ ದಿಬ್ಬದ ಮೇಲೆ ನಿಂತವನಿಗೆ ಚೆನ್ನಾಗಿ ಮನದಟ್ಟಾಗುವುದು. ಸಗಣಿಯನ್ನು ಒಬ್ಬರು ಬೆಂಕಿಗೆ ಒಪ್ಪಿಸಿದರು, ಇನ್ನೊಬ್ಬರು ನೀರಿಗೆ. ನದಿಯನ್ನು ತಿರುಗಿಸುವ ಕೆಲಸವೂ ಈ ಸೀಮೆಗೆ ಹೊಸದಲ್ಲ. 1982ರಲ್ಲಿ ಪೂರ್ಣವಾದ ನಾರಾಯಣಪುರದ ಅಣೆಕಟ್ಟಿನಿಂದ ಎಡದಂಡೆಯ ಕಾಲುವೆಗಳು ಹೊರಟು ಕೃಷ್ಣೆಯನ್ನು ಸುರಪುರ ಶಹಾಪುರಗಳ ಹೊಲಗಳಿಗೆ ಕರೆತಂದಿವೆ. ಗ್ರೀಕರಾಗಿದ್ದರೆ ಇದನ್ನು ಹದಿಮೂರನೆಯ ಕಾರ್ಯವೆಂದು ಹಾಡುತ್ತಿದ್ದರು.

ಕೃಷ್ಣೆಯ ದಡದ ತಿಂಥಣಿಯಲ್ಲಿ ಮೌನೇಶ್ವರರ ಕ್ಷೇತ್ರವಿದೆ. ವಿಶ್ವಕರ್ಮರು, ಎಂದರೆ ಕಮ್ಮಾರರು, ಬಡಗಿಗಳು, ಅಕ್ಕಸಾಲಿಗರು ಮೊದಲಾದವರು ಅವರನ್ನು ಗುರುವೆಂದು ಪೂಜಿಸುವರು. ಜಾತ್ರೆಗೆ ಹಿಂದೂಗಳೊಡನೆ ಮುಸಲ್ಮಾನರೂ ನಡೆದುಕೊಳ್ಳುವರು. ಗ್ರೀಕರ ದೇವಸಭೆಯಲ್ಲಿಯೂ ಒಬ್ಬ ಕಮ್ಮಾರನುಂಟು, ಹೆಫೈಸ್ಟಸ್. ಅಖಿಲೀಸನ ಗುರಾಣಿಯನ್ನು ಮಾಡಿದವನು ಅವನೇ. ಆದರೆ ಅವನು ಕುಂಟ. ಅವನು ಕುಂಟುತ್ತಾ ಪಾನಪಾತ್ರೆಯನ್ನು ಹಿಡಿದು ಓಡಾಡಿದಾಗ ಉಳಿದ ದೇವರುಗಳು ನಕ್ಕರೆಂದು ಹೋಮರನು ವರ್ಣಿಸಿರುವನು. ಕುಶಲಕರ್ಮಿಯ ಕೈಕೆಲಸವನ್ನು ಮೆಚ್ಚಿ ಅವನನ್ನು ಕಂಡು ನಗುವ ಸಮಾಜದ ಗುಟ್ಟನ್ನು ಗ್ರೀಕರು ಮರೆಮಾಚದೆ ದೇವಲೋಕದಲ್ಲಿಯೇ ತೋರಿಸಿದರು. ಕಮ್ಮಾರನ ಗುರುವನ್ನು ನಗದೆ ಕೈಮುಗಿದು ಕಾಣುವ ತಿಂಥಣಿಯು ಈ ವಿಷಯದಲ್ಲಿ ಒಲಿಂಪಸಿಗಿಂತ ಒಂದು ಮೆಟ್ಟಿಲು ಮೇಲಿದೆಯೆಂದರೆ ಗ್ರೀಕರು ಕೋಪಿಸಲಾರರು.

ಇನ್ನು ವೀರರ ಮಾತು. ಸುರಪುರದ ಬೇಡ ನಾಯಕರ ಹಳೆಯ ನೆಲೆ ವಾಗಣಗೇರಾ. 1705ರಲ್ಲಿ ಮುದುಕನಾದ ಔರಂಗಜೇಬನು ತಾನೇ ಸೇನೆಯೊಡನೆ ಬಂದು ಈ ಕೋಟೆಯನ್ನು ಮುತ್ತಿದನು. ಅವನು ಸ್ವತಃ ನಡೆಸಿದ ಕೊನೆಯ ಮುತ್ತಿಗೆ ಇದೇ. ಒಳಗಿದ್ದವನು ಪಿಡ್ಡ ನಾಯಕ. ಮುಸಲ್ಮಾನ ಇತಿಹಾಸಕಾರ ಖಾಫಿಖಾನನು ಬರೆದಿರುವಂತೆ, ನಾಯಕನು ಸಂಧಿಯ ಮಾತುಕತೆಗಳಿಂದ ಕಾಲವನ್ನು ಕಳೆದನು. ನಡುವೆ, ಅವನಿಗೆ ಹುಚ್ಚು ಹಿಡಿದು ಮರಾಠರೊಡನೆ ಓಡಿಹೋದನೆಂಬ ಸುದ್ದಿಯನ್ನೂ ಹಬ್ಬಿಸಲಾಯಿತು. ಕೊನೆಗೆ ಕೋಟೆಯು ಚಕ್ರವರ್ತಿಯ ಕೈಗೆ ಸಿಕ್ಕಿತು, ನಾಯಕನು ಸಿಕ್ಕಲಿಲ್ಲ.

ಇದನ್ನು ಓದುವಾಗ ಒಡಿಸ್ಯೂಸನ ನೆನಪಾಗದಿರದು. ಟ್ರಾಯ್ ಯುದ್ಧಕ್ಕೆ ಕರೆಯಲು ದೂತರು ಬಂದಾಗ ಅವನು ಹುಚ್ಚನಂತೆ ನಟಿಸಿ, ಹೊಲವನ್ನು ಉತ್ತು ಉಪ್ಪನ್ನು ಬಿತ್ತತೊಡಗಿದನು. ಪಾಲಮೀಡಿಸನೆಂಬ ಜಾಣನು ಅವನ ಎಳೆಗೂಸನ್ನು ನೇಗಿಲಿನ ಮುಂದಿಟ್ಟನು. ಒಡಿಸ್ಯೂಸನು ನೇಗಿಲನ್ನು ಬದಿಗೆ ತಿರುಗಿಸಿದನು, ಗುಟ್ಟು ರಟ್ಟಾಯಿತು. ನಮ್ಮಲ್ಲಿ ವೀರನೆಂದರೆ ಎದೆಗೊಟ್ಟು ನಿಂತು ಸಾಯುವವನೆಂಬ ಭಾವನೆ ಬಲವಾಗಿದೆ. ವೀರಗಲ್ಲುಗಳೆಲ್ಲವೂ ಅದನ್ನೇ ಸಾರುವುವು. ಆದರೆ ದೊಡ್ಡ ಸೇನೆಯ ಎದುರಿಗೆ ಸಣ್ಣ ನಾಡಿನವನು ಬುದ್ಧಿಯಿಂದ ಬದುಕಿಕೊಳ್ಳುವುದೂ ವೀರತ್ವವೇ ಎಂದು ಗ್ರೀಕರು ಒಡಿಸ್ಯೂಸನ ಮೂಲಕ ಕಲಿಸಿದರು. ವಾಗಣಗೇರಾದ ನಾಯಕನಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಈಗ ಸುರಪುರವನ್ನೇ ಪ್ರವೇಶಿಸೋಣ. ಬೆಟ್ಟದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯಿದೆ. ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರನು 1840ರ ದಶಕದ ಆರಂಭದಿಂದ 1853ರವರೆಗೆ, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಇಲ್ಲಿಯ ಆಡಳಿತವನ್ನು ನೋಡಿಕೊಂಡನು. ಬಾಲಕನು ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದನು. ಟೇಲರನ ಮರಣಾನಂತರ 1877ರಲ್ಲಿ ಪ್ರಕಟವಾದ ಅವನ ಆತ್ಮಕಥೆಯಲ್ಲಿ ಈ ಅರಸನ ಕಥೆಯು ಹೀಗೆ ಬಂದಿದೆ. ಹುಡುಗನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂದು ಜ್ಯೋತಿಷಿಯು ಜಾತಕವನ್ನು ನೋಡಿ ನುಡಿದಿದ್ದನು. ಈ ಮಾತು ಕೆಲವರಿಗೆ ಮಾತ್ರ ತಿಳಿದಿದ್ದಿತು. 1853ರಲ್ಲಿ ರಾಜ್ಯವು ಅರಸನ ಕೈಗೆ ಬಂದಿತು. 1857ರ ದಂಗೆಯ ಗಾಳಿ ದಕ್ಷಿಣಕ್ಕೂ ಬೀಸಿತು. 1858ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆಯು ಸುರಪುರದ ಮೇಲೆ ಬಂದಿತು, ಕಾಳಗ ನಡೆಯಿತು, ಕ್ಯಾಪ್ಟನ್ ನ್ಯೂಬರಿ ಎಂಬ ಅಧಿಕಾರಿಯು ಸತ್ತನು. ಅರಸನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕಿದನು.

ಸೆರೆಯಲ್ಲಿ ಟೇಲರನು ಅವನನ್ನು ಕಂಡನು. ಒಳಸಂಚಿನಲ್ಲಿದ್ದ ಉಳಿದವರ ಹೆಸರುಗಳನ್ನು ಹೇಳಿದರೆ ಒಳಿತಾದೀತೆಂಬ ಸೂಚನೆಗೆ ಅರಸನು ಒಪ್ಪಲಿಲ್ಲ; ಪ್ರಾಣಭಿಕ್ಷೆಗಾಗಿ ಪರರನ್ನು ಹಿಡಿದುಕೊಡುವುದು ಹೇಡಿತನವೆಂದು ಭಾವಿಸಿದನು. ತನ್ನನ್ನು ಕಳ್ಳನಂತೆ ನೇಣಿಗೆ ಹಾಕಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲೆಂಬುದೇ ಅವನ ಬೇಡಿಕೆ. ಮರಣದಂಡನೆಯ ತೀರ್ಪಾಯಿತು; ಅದು ಗಡೀಪಾರಿಗೆ ಇಳಿಯಿತು; ಅಲ್ಲಿಂದ ನಾಲ್ಕು ವರ್ಷಗಳ ಸೆರೆಗೆ ಇಳಿಯಿತು. ಭವಿಷ್ಯವಾಣಿಯು ಸುಳ್ಳಾಯಿತೆನ್ನುವಷ್ಟರಲ್ಲಿ, ಮದರಾಸಿನ ಕಡೆಗೆ ಒಯ್ಯುತ್ತಿದ್ದಾಗ ದಾರಿಯ ಬೀಡಿನಲ್ಲಿ, ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ಅರಸನು ಸತ್ತನು. ಜ್ಯೋತಿಷಿಯು ಹೇಳಿದ ವರ್ಷ ಅದೇ ಆಗಿದ್ದಿತು.

ಶ್ರೋತೃಗಳೇ, ಈಗ ಏಜಾಕ್ಸನ ಕಥೆಯನ್ನು ಕೇಳಿರಿ. ಅಖಿಲೀಸನು ಸತ್ತ ಮೇಲೆ ಅವನ ಆಯುಧಗಳು ಶ್ರೇಷ್ಠ ವೀರನಿಗೆ ಸಲ್ಲಬೇಕಾಗಿದ್ದಿತು. ತನಗೆ ಸಲ್ಲಬೇಕೆಂದಿದ್ದ ಏಜಾಕ್ಸನನ್ನು ಬಿಟ್ಟು ನಾಯಕರು ಅವನ್ನು ಒಡಿಸ್ಯೂಸನಿಗೆ ಕೊಟ್ಟರು. ಏಜಾಕ್ಸನು ರಾತ್ರಿಯಲ್ಲಿ ಆ ನಾಯಕರನ್ನು ಕೊಲ್ಲಲು ಹೊರಟನು. ಅಥೀನಾ ದೇವಿಯು ಅವನಿಗೆ ಭ್ರಾಂತಿಯನ್ನು ಕವಿಸಿದಳು. ಅವನು ದನಗಳನ್ನೂ ಕುರಿಗಳನ್ನೂ ಶತ್ರುಗಳೆಂದು ಕಡಿದುಹಾಕಿದನು. ಬೆಳಗಾದಾಗ ಅವನಿಗೆ ಉಳಿದುದು ನಾಚಿಕೆಯೊಂದೇ. ದೇವಿಯ ಕೋಪವು ಈ ಒಂದು ದಿನ ಮಾತ್ರ, ಇಂದು ಅವನನ್ನು ಡೇರೆಯಿಂದ ಹೊರಗೆ ಬಿಡದಿದ್ದರೆ ಬದುಕುವನೆಂದು ಕಾಲಜ್ಞಾನಿಯು ಹೇಳಿ ಕಳುಹಿಸಿದನು. ಮಾತು ತಲಪುವ ಹೊತ್ತಿಗೆ ಅವನು ಹೊರಟುಹೋಗಿದ್ದನು. ಕತ್ತಿಯನ್ನು ನೆಲದಲ್ಲಿ ನೆಟ್ಟು ಅದರ ಮೇಲೆ ಬಿದ್ದನು. ಒಂದು ದಿನದ ಅಂತರದಲ್ಲಿ ತಪ್ಪಿಹೋದ ಬದುಕು, ಸಾವಿಗಿಂತ ಸಾಯುವ ರೀತಿಯನ್ನು ಕುರಿತ ಚಿಂತೆ, ಇವು ಎರಡು ಕಥೆಗಳಲ್ಲಿಯೂ ಒಂದೇ. ವೆಂಕಟಪ್ಪ ನಾಯಕನಿಗೆ ತಕ್ಕ ಗ್ರೀಕ್ ಬಂಧುವು ಇವನೇ ಎಂದು ನಮ್ಮ ಅಭಿಪ್ರಾಯ.

ಆದರೆ ಇಲ್ಲಿ ಒಂದು ಎಚ್ಚರವು ಅವಶ್ಯಕ. ಟೇಲರನ ಬರಹವನ್ನು ಓದಿ ಮುಗಿಸಿದವನು ‘ಅಯ್ಯೋ, ವಿಧಿ!’ ಎಂದು ನಿಟ್ಟುಸಿರುಬಿಡುವನು. ಹಾಗೆ ನಿಟ್ಟುಸಿರುಬಿಟ್ಟವನು ಇನ್ನೊಂದು ಪ್ರಶ್ನೆಯನ್ನು ಕೇಳುವುದನ್ನು ಮರೆಯುವನು. ಸುರಪುರದ ಮೇಲೆ ಸೇನೆಯನ್ನು ಕಳುಹಿಸಿದುದು ನಕ್ಷತ್ರವಲ್ಲ. ಅರಸನನ್ನು ವಿಚಾರಣೆಗೆ ಗುರಿಮಾಡಿದುದು ಜಾತಕವಲ್ಲ. 1860ರಲ್ಲಿ ಸುರಪುರವನ್ನು ನಿಜಾಮರಿಗೆ ಬಿಟ್ಟುಕೊಟ್ಟುದು ಯಾವ ಗ್ರಹವೂ ಅಲ್ಲ. ದಂಗೆಯ ಕಾಲದಲ್ಲಿ ತಮ್ಮ ಪಕ್ಷದಲ್ಲಿ ನಿಂತುದಕ್ಕಾಗಿ ಬ್ರಿಟಿಷರು ಕೊಟ್ಟ ಬಹುಮಾನವದು. ಟೇಲರನು ಹುಡುಗನನ್ನು ಪ್ರೀತಿಸಿದನೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಗೆದ್ದವರ ಪಕ್ಷದವನು ಸೋತವನ ಕಥೆಯನ್ನು ಬರೆಯುವಾಗ ವಿಧಿಯು ಬಹು ಅನುಕೂಲವಾದ ಪಾತ್ರ. ಎಲ್ಲ ಹೊಣೆಯನ್ನೂ ಅದು ಮೌನವಾಗಿ ಹೊತ್ತುಕೊಳ್ಳುವುದು.

ಗ್ರೀಕರು ಹಾಗೆ ಮಾಡಲಿಲ್ಲವೆಂಬುದೇ ಅವರ ಹಿರಿಮೆ. ಸೊಫೊಕ್ಲಿಸನ ನಾಟಕದಲ್ಲಿ ದೇವಿಯ ಕೋಪವೂ ಉಂಟು, ಆಯುಧಗಳ ಹಂಚಿಕೆಯಿಂದ ಆದ ಅವಮಾನವೂ ಉಂಟು, ಏಜಾಕ್ಸನ ಸ್ವಂತ ಅಹಂಕಾರವೂ ಉಂಟು. ಒಂದು ಇನ್ನೊಂದನ್ನು ಮುಚ್ಚುವುದಿಲ್ಲ. ವೀರನು ಸತ್ತಲ್ಲಿಗೆ ನಾಟಕವೂ ಮುಗಿಯುವುದಿಲ್ಲ. ಅವನ ಶವಕ್ಕೆ ಸಂಸ್ಕಾರ ಸಲ್ಲದೆಂದು ದೊರೆಗಳು ಆಜ್ಞೆ ಮಾಡಿದಾಗ, ಅದಕ್ಕೆ ಅಡ್ಡಬಂದು ವಾದಿಸುವವನು ಏಜಾಕ್ಸನ ಕಡುವೈರಿಯಾದ ಒಡಿಸ್ಯೂಸನೇ. ಬದುಕಿದ್ದಾಗ ಇವನು ನನ್ನ ಶತ್ರು, ಆದರೆ ಶ್ರೇಷ್ಠನಾದವನು, ಅವನಿಗೆ ಸಲ್ಲಬೇಕಾದ ಗೌರವವು ಸಲ್ಲಲೇಬೇಕೆಂಬುದು ಅವನ ವಾದದ ಸಾರ. ಗ್ರೀಕ್ ಪುರಾಣದಿಂದ ನಾವು ಕಲಿಯತಕ್ಕ ಪಾಠಗಳಲ್ಲಿ ಇದು ಹಿರಿದು: ಸೋತವನ ಕಥೆಯನ್ನು ಪೂರ್ತಿಯಾಗಿ ಹೇಳಬೇಕು, ಅವನ ತಪ್ಪನ್ನೂ, ಅವನಿಗಾದ ಅನ್ಯಾಯವನ್ನೂ.

ಆದುದರಿಂದ ಈ ಕಥೆಗಳನ್ನು ನಮ್ಮ ಮಕ್ಕಳಿಗೆ ಹೇಳುವಾಗ ಹೆಸರುಗಳನ್ನು ಉರುಹಾಕಿಸದಿರೋಣ. ಬೂದಿಹಾಳದ ದಿಬ್ಬವನ್ನು ತೋರಿಸಿ ಹೆರಾಕ್ಲಿಸನನ್ನೂ, ವಾಗಣಗೇರಾದ ಗೋಡೆಯನ್ನು ತೋರಿಸಿ ಒಡಿಸ್ಯೂಸನನ್ನೂ ಪರಿಚಯಿಸೋಣ. ಸುರಪುರದ ಬೆಟ್ಟವನ್ನು ಹತ್ತಿ ಏಜಾಕ್ಸನ ಮಾತನ್ನಾಡುವಾಗ ಮಾತ್ರ, ಜ್ಯೋತಿಷಿಯು ಏನು ಹೇಳಿದನೆಂಬುದರ ಜೊತೆಗೆ, ಯಾರು ಏನು ಮಾಡಿದರೆಂಬುದನ್ನೂ ಹೇಳೋಣ. ಹಾಗೆ ಕೇಳಿದ ಮಗುವಿಗೆ ಗ್ರೀಸ್ ದೇಶವು ದೂರವಾಗಿರದು. ಸುರಪುರವೂ ಸಣ್ಣದಾಗಿ ತೋರದು.